ಕೊನೆಯ ಅಪ್‌ಡೇಟ್ ಮತ್ತು ಅಂಚೆಯಕ್ಕನ ಕಾಲು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿದರೆ ಕೃತಕ ಕಾಲು ಮಾಡುವ ಕಾರ್ಯಾಗಾರ ಸಿಗುತ್ತದೆ. ಅಲ್ಲಿ ಸ್ಟೋರಕ್ಕ ಯಾರು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಒಳಗೆ ಕಾಲಿಟ್ಟಾಗ ಯಾರ ಧ್ವನಿ ಮೊದಲು ಕಿವಿಗೆ ಬೀಳುತ್ತದೋ ಅವಳೇ. ಸ್ಕ್ರೂ, ಬಕಲ್, ಚರ್ಮದ ಪಟ್ಟಿ ಕೊಡುವ ಸ್ಟೋರಿನ ಕಿಟಕಿಯಲ್ಲಿ ಕೂರಲು ಬಂದವಳು, ಅದಕ್ಕೇ ಆ ಹೆಸರು. ಆ ಕಿಟಕಿ ಬಿಟ್ಟು ಕಂಪ್ಯೂಟರಿನ ಮುಂದೆ ಕೂತು ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಬೆನ್ನು ಬಿಡಲಿಲ್ಲ.

ಕಂಪ್ಯೂಟರಿನ ಮುಂದೆ ಅವಳನ್ನು ಯಾರೂ ಕೂರಿಸಲಿಲ್ಲ, ಅವಳೇ ಕೂತಳು. ಫೋಮಿನ ದಿಮ್ಮಿಯನ್ನು ಕೊರೆದು ಕಾಲಿನ ಮಾದರಿ ಮಾಡುವ ಯಂತ್ರವನ್ನು ಯಾರೋ ದಾನ ಕೊಟ್ಟರು. ಅದರ ಜೊತೆ ಒಂದು ಕಂಪ್ಯೂಟರ್ ಬಂತು, ಹೇಳಿಕೊಡಲು ಒಬ್ಬ ತರಬೇತುದಾರನೂ ಬಂದ. ಅವನು ಬಾಗಿಲು ಮುಚ್ಚಿಕೊಂಡು ಆಯ್ದ ನಾಲ್ವರಿಗೆ ಪಾಠ ಮಾಡುತ್ತಿದ್ದರೆ ಇವಳು ಸ್ಟೋರಿನ ಕಿಟಕಿ ಮುಚ್ಚಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟಳು. "ನೀವು ಯಾರಮ್ಮ?" ಎಂದರೆ, "ಸ್ಕ್ರೂ ಬೇಕಾದ್ರೆ ಕೊಡೋಣ ಅಂತ ಬಂದೆ" ಎಂದಳಂತೆ. ಆಯ್ದ ನಾಲ್ವರೂ ಒಬ್ಬೊಬ್ಬರಾಗಿ ವರ್ಗವಾಗಿ ಹೋದರು. ಸ್ಕ್ರೂ ಕೊಡಲು ಬಂದವಳು ಉಳಿದಳು.

ಅಲ್ಲಿಯ ಕೆಲಸ ಹೀಗೆ. ಮೊದಲ ಕೋಣೆಯಲ್ಲಿ ಪ್ಲಾಸ್ಟರ್ ಮೇಷ್ಟ್ರು. ಕಾಲು ಕಳೆದುಕೊಂಡವರ ಮೊಣಕಾಲಿನ ಕೆಳಗೆ ಉಳಿದ ಭಾಗಕ್ಕೆ ಒದ್ದೆ ಪ್ಲಾಸ್ಟರ್ ಬಟ್ಟೆ ಸುತ್ತಿ ಅಚ್ಚು ತೆಗೆಯುವವರು ಅವರು. ಬಿಳಿ ಹುಬ್ಬು, ಬಿಳಿ ಅಂಗಿ, ಅಂಗಿಯ ಮೇಲೆ ಬಿಳಿ ಪುಡಿ. ಎರಡನೆಯ ಕೋಣೆ ಸ್ಟೋರಕ್ಕನದು. ಅಚ್ಚಿನ ಒಳಗೆ ಒಂದು ಕಡ್ಡಿ ತಿರುಗಿ ಅಳತೆ ತೆಗೆಯುತ್ತದೆ, ಕಂಪ್ಯೂಟರ್ ಆ ಅಳತೆಯನ್ನು ಯಂತ್ರಕ್ಕೆ ಹೇಳುತ್ತದೆ, ಯಂತ್ರ ಫೋಮಿನಲ್ಲಿ ಅದೇ ಆಕಾರ ಕೊರೆಯುತ್ತದೆ. ಅಲ್ಲೇ ಮೂಲೆಯಲ್ಲಿ ಉಜ್ಜುವಣ್ಣ. ಮಾದರಿಯನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದು ಬಟ್ಟಲು ಮಾಡುತ್ತಾನೆ. ಉಳಿದ ಕಾಲು ಹೋಗಿ ಕೂರುವುದು ಆ ಬಟ್ಟಲಿನಲ್ಲಿ. ಮೂರನೆಯ ಕೋಣೆಯಲ್ಲಿ ಉದ್ದ ಕನ್ನಡಿ, ಹಿಡಿದು ನಡೆಯಲು ಎರಡು ಕಂಬಿ, ಮತ್ತು ಜೋಡಿಸುವಕ್ಕ. ಬಟ್ಟಲಿಗೆ ಕೆಳಗಿನ ಕೊಳವೆ, ಪಾದ ಎಲ್ಲ ಸೇರಿಸಿ, ಮೆತ್ತಗಿರಲೆಂದು ಕಾಲುಚೀಲ ಹಾಕಿಸಿ, ಮನುಷ್ಯರನ್ನು ಎಬ್ಬಿಸಿ ನಿಲ್ಲಿಸುವವಳು ಅವಳು.

ಬಟ್ಟಲು ಸರಿ ಇದ್ದರೆ ಎಲ್ಲ ಸರಿ. ಒಂದು ಕೂದಲೆಳೆ ಹೆಚ್ಚಾದರೆ ಕಾಲು ಜಾರುತ್ತದೆ, ಕಡಿಮೆಯಾದರೆ ಕಚ್ಚುತ್ತದೆ. ಹಾಕಿಕೊಂಡವರಿಗೇ ಗೊತ್ತು ಅದರ ಕಷ್ಟ.

ಇಷ್ಟೆಲ್ಲ ನಡೆಯುತ್ತಿದ್ದುದು ಆ ಹಳೆಯ ಕಂಪ್ಯೂಟರಿನ ಮೇಲೆ. ಒಂದು ದಿನ ಅದರ ಪರದೆಯ ಮೇಲೆ ಒಂದು ಸೂಚನೆ ಬಂತು. ಇನ್ನು ಮುಂದೆ ಈ ಆಪರೇಟಿಂಗ್ ಸಿಸ್ಟಮ್‌ಗೆ ಕಂಪನಿಯ ಬೆಂಬಲ ಇರುವುದಿಲ್ಲ, ಇದೇ ಕೊನೆಯ ಅಪ್‌ಡೇಟ್, ಹಾಕಿಕೊಳ್ಳಿ ಎಂದು. ಸ್ಟೋರಕ್ಕ ಹಾಕಿಕೊಂಡಳು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಸಾರ್ ಬಂದು ಇಂಟರ್ನೆಟ್ ತಂತಿ ಕಿತ್ತುಹಾಕಿ, "ಇನ್ಮೇಲೆ ಇದಕ್ಕೆ ಹೊರಗಿನ ಗಾಳಿ ಸೋಕಿಸಬೇಡಿ ಅಕ್ಕ, ಹೊಸದಕ್ಕೆ ಬರೆದು ಹಾಕಿದೀನಿ" ಎಂದು ಹೇಳಿ ಹೋದ. ಹೊಸದು ಬಂದರೂ ಉಪಯೋಗವಿರಲಿಲ್ಲ. ಕೊರೆಯುವ ಪ್ರೋಗ್ರಾಂ ಮಾಡಿದ ಪುಟ್ಟ ಕಂಪನಿ ಎಂದೋ ಬಾಗಿಲು ಹಾಕಿತ್ತು, ಅವರ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಏಳುವುದೇ ಇಲ್ಲ.

ಕೊನೆಯ ಅಪ್‌ಡೇಟ್ ಹಾಕಿದ ಮೇಲೆ ಸ್ಟೋರಕ್ಕನಿಗೆ ಒಂದು ಸಂತೋಷವಾಯಿತು. ಪರದೆಯ ಮೇಲಿನ ಅಕ್ಷರಗಳು ಸ್ವಲ್ಪ ದೊಡ್ಡವಾಗಿದ್ದವು. ಕನ್ನಡಕವನ್ನು ಮೂಗಿನ ತುದಿಗೆ ತಂದು ಕಣ್ಣು ಕಿರಿದು ಮಾಡುವ ಕಷ್ಟ ತಪ್ಪಿತು. ಹೋಗುವಾಗಲಾದರೂ ವಯಸ್ಸಾದವರ ಕಷ್ಟ ನೆನಪಾಯಿತಲ್ಲ ಪುಣ್ಯಾತ್ಮರಿಗೆ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳುವುದೇನಿದೆ ಅದರಲ್ಲಿ?

ಅಂಚೆಯಕ್ಕ ಬಂದದ್ದು ಆಮೇಲೆ.

ಅಂಚೆಯಕ್ಕನೆಂದರೆ ಪೇಟೆಯ ಹಿಂದಿನ ಬೀದಿಗಳಿಗೆ ಕಾಗದ ಹಂಚುತ್ತಿದ್ದವಳು. ಲಾರಿಯೊಂದು ಹಿಂದಕ್ಕೆ ಬರುವಾಗ ಎಡಗಾಲು ಹೋಯಿತು. ಅಳುವುದನ್ನೆಲ್ಲ ಆಸ್ಪತ್ರೆಯ ವಾರ್ಡಿನಲ್ಲೇ ಅತ್ತು ಮುಗಿಸಿ ಬಂದಿದ್ದಳು, ಕಾರ್ಯಾಗಾರಕ್ಕೆ ಬರುವಾಗ ಬರೀ ಜಗಳ ಉಳಿದಿತ್ತು. ಮೊದಲ ಕಾಲು ಕೊಟ್ಟರು, ಜಾರಿತು. ಹಣ್ಣಿನ ಅಂಗಡಿಯ ಮುಂದೆ ಜನರೆದುರಿಗೆ ಬಿದ್ದಳು. ಎರಡನೆಯ ಬಟ್ಟಲು ಮಾಡಿದರು, ಅದು ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನಕ್ಕೆ ಸಡಿಲವಾಗುತ್ತಿತ್ತು.

"ಏನ್ರೀ ಇದು, ಕಾಲು ಕೊಟ್ಟಿದೀರೋ ಬಕೀಟು ಕೊಟ್ಟಿದೀರೋ?" ಎಂದಳು. "ರಜೆ ಮುಗೀತಾ ಬಂತು. ನಮ್ಮ ಪೋಸ್ಟ್ ಮಾಸ್ಟರ್ ಹೇಳಿಬಿಟ್ಟಿದಾರೆ. ಬರೋ ತಿಂಗಳ ಮೊದಲ ಸೋಮವಾರ ಅವರ ಕಣ್ಣೆದುರಿಗೆ ನನ್ನ ಬೀದಿಗಳನ್ನೆಲ್ಲ ನಡೆದು ತೋರಿಸಬೇಕಂತೆ. ಆಗ್ಲಿಲ್ಲ ಅಂದ್ರೆ ಕಾಗದ ವಿಂಗಡಿಸೋ ಕೋಣೇಲಿ ಕೂರಿಸ್ತಾರಂತೆ, ಖಾಯಂ ಆಗಿ. ಕಿಟಕಿ ಇಲ್ಲದ ಕೋಣೆ ಅಕ್ಕ ಅದು. ಅಲ್ಲಿ ಕೂತ್ರೆ ನಾನು ಸತ್ತೇ ಹೋಗ್ತೀನಿ."

ಕೊನೆಯ ಮಾತಿಗೆ ಧ್ವನಿ ನಡುಗಿತು. ತಕ್ಷಣ ಅದನ್ನು ಮುಚ್ಚಲು ಜೋಡಿಸುವಕ್ಕನನ್ನು ಇನ್ನೊಂದು ಸುತ್ತು ಬೈದಳು. ಸ್ಟೋರಕ್ಕನಿಗೆ ಆ ನಡುಕ ಕೇಳಿಸಿತು. ಬಾಯಿ ಜೋರಿದ್ದವರ ಸಂಕಟ ಬಾಯಿ ಜೋರಿದ್ದವರಿಗೇ ಬೇಗ ತಿಳಿಯುತ್ತದೋ ಏನೋ.

ಈಚೆಗೆ ಹೀಗೆ ವಾಪಸ್ಸು ಬರುವ ಕಾಲುಗಳು ಹೆಚ್ಚಾಗಿದ್ದವು. ಒಂದು ಸರಿ ಇದ್ದರೆ ಇನ್ನೊಂದು ಸಡಿಲ. ಯಾಕೆಂದು ಯಾರಿಗೂ ತಲೆಬುಡ ತಿಳಿಯಲಿಲ್ಲ, ಅಥವಾ ತಿಳಿದ ಹಾಗೆ ಯಾರೂ ಬಾಯಿ ಬಿಡಲಿಲ್ಲ.

ಬಗೆಹರಿದದ್ದು ಮನೆಯಲ್ಲಿ. ಸ್ಟೋರಕ್ಕನ ಅತ್ತೆ ಒಂದು ಫೋನು ಇಟ್ಟುಕೊಂಡಿದ್ದರು, ಅದರಲ್ಲಿ ಅಕ್ಷರ ಕಾಣುವುದಿಲ್ಲ ಎಂದು ದಿನವೂ ಗೊಣಗುತ್ತಿದ್ದರು. ಭಾನುವಾರ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಸ್ಟೋರಕ್ಕ ಫೋನು ತೆಗೆದುಕೊಂಡು ದೊಡ್ಡದು ಮಾಡಿಕೊಟ್ಟಳು. ಅತ್ತೆ ಫೋನನ್ನು ಹಿಂದೆ ಮುಂದೆ ಹಿಡಿದು ನೋಡಿ ಶುರುಮಾಡಿದರು.

"ಅಕ್ಷರ ದೊಡ್ಡದು ಮಾಡೇ ಅಂದ್ರೆ ಎಲ್ಲಾನೂ ದೊಡ್ಡದು ಮಾಡಿ ಕೂತಿದೀಯಲ್ಲೇ! ಇಲ್ನೋಡು, ಕರೆ ಮಾಡೋ ಗುಂಡಿ ಅರ್ಧ ಆಚೆಗೆ ಹೋಗಿದೆ."

"ಹಾಗೇ ಅತ್ತೆ ಅದು. ಅಕ್ಷರದ ಜೊತೆ ಎಲ್ಲಾನೂ..."

ಮಾತು ಅಲ್ಲೇ ನಿಂತಿತು. ಅಕ್ಷರದ ಜೊತೆ ಎಲ್ಲವೂ ದೊಡ್ಡದಾಗುವುದಾದರೆ, ಪರದೆಯ ಮೇಲಿನ ಕಾಲು?

ಸೋಮವಾರ ಬೇರೆಯವರು ಬರುವ ಮೊದಲೇ ಹೋಗಿ ಒಂದು ಸಾದಾ ದುಂಡು ದಿಮ್ಮಿ ಕೊರೆಸಿದಳು. ಕಂಪ್ಯೂಟರಿಗೆ ಹೇಳಿದ ಅಳತೆ ಒಂದು, ಕ್ಯಾಲಿಪರಿನಲ್ಲಿ ಹಿಡಿದು ನೋಡಿದರೆ ಬಂದ ಅಳತೆ ಇನ್ನೊಂದು. ಹೆಚ್ಚೇನೂ ಇಲ್ಲ, ಸ್ವಲ್ಪ. ಕಣ್ಣಿಗೆ ಕಾಣದಷ್ಟು, ಕಾಲಿಗೆ ತಿಳಿಯುವಷ್ಟು. ತಾನು ಹರಸಿದ ಆ ದೊಡ್ಡ ಅಕ್ಷರ, ಅದೇ ಇಷ್ಟು ಜನರನ್ನು ಬೀಳಿಸಿತ್ತು. ಸ್ಟೋರಕ್ಕ ತನ್ನನ್ನೇ ಚೆನ್ನಾಗಿ ಬೈದುಕೊಂಡಳು.

ಆ ಅಪ್‌ಡೇಟ್ ಕಳಿಸಿದ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಬಂದಳು.

"ಮೇಡಂ, ಆ ಆವೃತ್ತಿಗೆ ಬೆಂಬಲ ಮುಗಿದಿದೆ."

"ಮುಗಿಸಿ ತಾಯಿ, ಬೇಡ ಅಂದವರು ಯಾರು? ಹೋಗೋವಾಗ ಕೆಡಿಸಿಟ್ಟು ಹೋಗಿದೀರಲ್ಲ, ಅದನ್ನ ಸರಿಮಾಡಿ ಹೋಗಿ ಅಂತಿದೀನಿ."

"ನಿಮ್ಮ ತೊಂದರೆ ಅರ್ಥ ಆಗುತ್ತೆ ಮೇಡಂ. ಆದ್ರೆ ಆ ತಂಡವೇ ಈಗ ಇಲ್ಲ."

ಹುಡುಗಿ ಪಾಪ, ನಿಜವಾಗಿಯೂ ಬೇಜಾರು ಮಾಡಿಕೊಂಡಿದ್ದಳು. ಅವಳಿಗೆ ಬೈದು ಏನು ಬಂತು? ಫೋನಿಟ್ಟು ಸ್ಟೋರಕ್ಕ ಆ ದುಂಡು ದಿಮ್ಮಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಪ್ಯೂಟರ್ ಸಾರ್ ಹತ್ತಿರ ಹೋದಳು.

ಸಾರ್ ಎಂದರೆ ಇನ್ನೂ ಮದುವೆಯಾಗದ, ಊಟವನ್ನು ನಿಂತುಕೊಂಡೇ ಮಾಡುವ ಮನುಷ್ಯ. ಇಡೀ ಆಸ್ಪತ್ರೆಯ ಪ್ರಿಂಟರುಗಳು ಅವನ ಪ್ರಾಣ ತಿನ್ನುತ್ತಿದ್ದವು. ಮೊದಲು "ಅಕ್ಕ, ಆ ಕಂಪ್ಯೂಟರನ್ನ ಮ್ಯೂಸಿಯಂಗೆ ಕೊಡಿ" ಎಂದ. ದಿಮ್ಮಿ, ಕ್ಯಾಲಿಪರು ಎರಡನ್ನೂ ಮೇಜಿನ ಮೇಲಿಟ್ಟು ವಿಷಯ ಹೇಳಿದಾಗ ತುತ್ತು ಅರ್ಧಕ್ಕೆ ನಿಂತಿತು.

"ಅಂದ್ರೆ ಪ್ರೋಗ್ರಾಂ ಅಳತೆಯನ್ನ ಪರದೆಯ ಚುಕ್ಕೆಗಳಿಂದ ಲೆಕ್ಕ ಹಾಕ್ತಿದೆ!" ಎಂದು ತನಗೆ ತಾನೇ ಹೇಳಿಕೊಂಡ. "ಎಂಥ ಅವಿವೇಕಿ ಬರೆದನಪ್ಪ ಇದನ್ನ... ನಡೀರಿ ಅಕ್ಕ."

ಅಂದಿನಿಂದ ಊಟದ ಡಬ್ಬಿಯನ್ನು ಯಂತ್ರದ ಕೋಣೆಗೇ ತರತೊಡಗಿದ. ಅಕ್ಷರವನ್ನು ಮೊದಲಿನ ಗಾತ್ರಕ್ಕೆ ಇಳಿಸಿದರೆ ಕಂಪ್ಯೂಟರ್ ಆರಿಸಿ ಹಾಕಿದ ಕೂಡಲೇ ಮತ್ತೆ ದೊಡ್ಡದಾಗುತ್ತಿತ್ತು. ಅಪ್‌ಡೇಟನ್ನೇ ತೆಗೆದುಹಾಕೋಣವೆಂದರೆ ಅದು ಬರುವುದಿಲ್ಲ ಎಂದು ಹಟ ಹಿಡಿಯಿತು. ಇವನು ಒಂದು ಉಪಾಯ ಹೇಳುವುದು, ಇವಳು ದಿಮ್ಮಿ ಕೊರೆಸಿ ಅಳೆದು ತಲೆಯಾಡಿಸುವುದು. ಕೋಣೆಯ ತುಂಬ ದುಂಡು ದಿಮ್ಮಿ. ಕೊನೆಗೆ ಅವನು ಒಂದು ಪುಟ್ಟ ಪ್ರೋಗ್ರಾಂ ಬರೆದ. ಕಂಪ್ಯೂಟರ್ ಎದ್ದಾಗಲೆಲ್ಲ ಅದು ಮೊದಲು ಎದ್ದು ಅಕ್ಷರವನ್ನು ಹಳೆಯ ಗಾತ್ರಕ್ಕೆ ತಂದು, ಆಮೇಲೆ ಕೊರೆಯುವ ಪ್ರೋಗ್ರಾಮನ್ನು ಎಬ್ಬಿಸಬೇಕು. ಸ್ಟೋರಕ್ಕ ದಿಮ್ಮಿ ಕೊರೆಸಿದಳು, ಕ್ಯಾಲಿಪರು ಹಿಡಿದಳು. ಸರಿ. ಆರಿಸಿ ಹಾಕಿ ಮತ್ತೆ ಕೊರೆಸಿದಳು. ಸರಿಯೇ! ಇಬ್ಬರೂ ಮಕ್ಕಳ ಹಾಗೆ ಕೂಗಿದರು. ಅಕ್ಷರ ಮಾತ್ರ ಮತ್ತೆ ಇರುವೆ ಗಾತ್ರಕ್ಕಿಳಿಯಿತು, ಕನ್ನಡಕ ಮೂಗಿನ ತುದಿಗೆ ಬಂತು. ಹೋಗಲಿ ಬಿಡು ಎಂದಳು.

ಕಾರ್ಯಾಗಾರಕ್ಕೆಲ್ಲ ಚಹಾ ತರಿಸಿದಳು. "ಯಂತ್ರ ಸರಿ ಹೋಯ್ತು ಕಣ್ರಪ್ಪಾ!" ಎಂದು ಮೂರೂ ಕೋಣೆಗೆ ಕೇಳುವ ಹಾಗೆ ಸಾರಿದಳು. ಎಲ್ಲರೂ ಚಹಾ ಕುಡಿದು ಭೇಷ್ ಎಂದರು. ಆದರೆ ಆ ಸಂತೋಷದಲ್ಲಿ ಏನು ಕೆಟ್ಟಿತ್ತು ಎಂದು ಬಿಡಿಸಿ ಹೇಳಲಿಲ್ಲ ಅವಳು. ಯಾರೂ ಕೇಳಲೂ ಇಲ್ಲ.

ಅಂಚೆಯಕ್ಕನಿಗೆ ಮೂರನೆಯ ಬಟ್ಟಲು ತಯಾರಾಯಿತು. ಕಂಬಿ ಹಿಡಿದು ಎದ್ದು ನಿಂತವಳು ಎರಡು ಹೆಜ್ಜೆಗೆ ಮುಖ ಕಿವುಚಿದಳು.

"ಕಚ್ತಿದೆ."

"ಸ್ವಲ್ಪ ನಡೀರಿ ಅಕ್ಕ, ಕೂತ್ಕೊಳ್ಳುತ್ತೆ" ಎಂದಳು ಜೋಡಿಸುವಕ್ಕ.

"ಕಚ್ತಿದೆ ಅಂದ್ನಲ್ಲ! ಇಲಿ ಬೋನಿಗೆ ಕಾಲಿಟ್ಟ ಹಾಗಿದೆ. ಮೊದಲು ಬಕೀಟು, ಈಗ ಬೋನು. ಬಿಡಿ, ನನಗೆ ಆ ಕೋಣೆಯೇ ಗತಿ." ಕಾಲನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಈ ಸಲ ಯಾರನ್ನೂ ಬೈಯದೆ, ಗೋಡೆಯ ಕಡೆ ತಿರುಗಿ ಕೂತಳು. ಅವಳು ಬೈಯದೇ ಕೂತದ್ದು ಸ್ಟೋರಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಆ ವಾರ ತಯಾರಾದ ಕಾಲುಗಳೆಲ್ಲ ಕಚ್ಚುತ್ತಿದ್ದವು. ಸ್ಟೋರಕ್ಕ ಮತ್ತೆ ದಿಮ್ಮಿ ಕೊರೆಸಿದಳು. ಅಳತೆ ಸರಿ. ಕಂಪ್ಯೂಟರ್ ಸಾರ್ ಬಂದು ನೋಡಿದ. ಅವನ ಪ್ರೋಗ್ರಾಂ ಸರಿ. ಯಂತ್ರ ಸರಿ, ಕಾಲು ಮಾತ್ರ ತಪ್ಪು. ಹಾಗಾದರೆ ತಪ್ಪು ಯಂತ್ರದ ಆಚೆಗೆಲ್ಲೋ ಇದೆ ಎಂದುಕೊಂಡು, ಕುರ್ಚಿ ಎತ್ತಿಕೊಂಡು ಹೋಗಿ ಮೊದಲ ಕೋಣೆಯಲ್ಲಿ ಕೂತಳು.

ಪ್ಲಾಸ್ಟರ್ ಮೇಷ್ಟ್ರು ಒಬ್ಬ ಮುದುಕರಿಗೆ ಬಟ್ಟೆ ಸುತ್ತುತ್ತಿದ್ದರು. ಸುತ್ತಿ ಮುಗಿಯಿತು ಎನ್ನುವಾಗ ಹಲ್ಲು ಕಚ್ಚಿ ಇನ್ನೊಂದು ಸಲ ಬಲವಾಗಿ ಎಳೆದರು.

"ಅದೇನು ಮೇಷ್ಟ್ರೇ, ಹಾಗೆ ಎಳೆದ್ರಿ? ಮೊದಲು ಹಾಗೆ ಎಳೀತಿರ್ಲಿಲ್ಲ ನೀವು."

ಮೇಷ್ಟ್ರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಬಾಗಿಲ ಕಡೆ ನೋಡಿದರು. ಮುದುಕರನ್ನು ಕಳಿಸಿದ ಮೇಲೆ ಮೆಲ್ಲಗೆ ಹೇಳಿದರು: "ನನ್ನ ಕೈ ಸಡಿಲ ಆಗಿದೆ ತಾಯಿ. ಕಾಲುಗಳೆಲ್ಲ ಜಾರ್ತಿವೆ ಅಂತ ಬರೋಕೆ ಶುರುವಾದಾಗಲೇ ಗೊತ್ತಾಯ್ತು. ವಯಸ್ಸಾಯ್ತಲ್ಲ. ಯಾರಿಗೆ ಹೇಳ್ಲಿ? ಅದಕ್ಕೇ ಸ್ವಲ್ಪ ಬಿಗಿಯಾಗಿ ಎಳೀತೀನಿ. ಈ ಅಂಚೆಯ ಹುಡುಗಿ ನಡೆದ್ರೆ ಸಾಕು, ಆಮೇಲೆ ಕೆಲಸ ಬಿಟ್ಟುಬಿಡೋಣ ಅಂತಿದ್ದೆ."

ಉಳಿದವರನ್ನೂ ಕೇಳಿಯೇ ಹೇಳೋಣ ಎಂದುಕೊಂಡಳು ಸ್ಟೋರಕ್ಕ.

ಎದ್ದು ಉಜ್ಜುವಣ್ಣನ ಹತ್ತಿರ ಹೋದಳು. "ನಿಜ ಹೇಳಣ್ಣ. ನೀನೂ ಏನಾದ್ರೂ ಮಾಡ್ತಿದೀಯಾ?"

ಅವನು ಮರಳು ಕಾಗದವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಮೇಷ್ಟ್ರಿಗೆ ಹೇಳಲ್ಲ ತಾನೇ? ಅವರ ಅಚ್ಚು ಈಚೆಗೆ ದಪ್ಪ ಬರ್ತಿತ್ತು. ಪಾಪ, ಹಿರಿಯರು, ಮನಸ್ಸಿಗೆ ನೋವಾಗುತ್ತೆ ಅಂತ ಬಾಯಿ ಬಿಡಲಿಲ್ಲ. ಇನ್ನೊಂದು ಸುತ್ತು ಉಜ್ಜಿಬಿಡ್ತೀನಿ."

ಮೂರನೆಯ ಕೋಣೆಗೆ ಹೋಗುವಾಗ ಅವಳಿಗೆ ಉತ್ತರ ಗೊತ್ತೇ ಇತ್ತು. ಜೋಡಿಸುವಕ್ಕ ದಪ್ಪ ಕಾಲುಚೀಲ ಹಾಕಿಸುತ್ತಿದ್ದಳು. ಯಾಕೆ? ಮೇಷ್ಟ್ರ ಮರ್ಯಾದೆ ಉಳಿಯಲಿ ಎಂದು, ಉಜ್ಜುವಣ್ಣನಿಗೂ ಬೇಜಾರಾಗದಿರಲಿ ಎಂದು.

ನೋಡಿ, ಇದು ಈ ಕಾರ್ಯಾಗಾರದಲ್ಲಿ ಮಾತ್ರ ಆಗುವ ತಪ್ಪು. ಬೇರೆ ಕಡೆಯಾಗಿದ್ದರೆ ಒಬ್ಬರ ಮೇಲೊಬ್ಬರು ದೂರು ಹಾಕಿ, ಕೂಗಾಡಿ, ಒಂದೇ ವಾರದಲ್ಲಿ ತಪ್ಪು ಸಿಕ್ಕಿಬಿಡುತ್ತಿತ್ತು. ಇವರು ಒಬ್ಬರನ್ನೊಬ್ಬರು ಅಷ್ಟು ಇಷ್ಟಪಡುತ್ತಿದ್ದರು. ಯಂತ್ರ ಮಾಡಿದ ತಪ್ಪನ್ನು ಮೇಷ್ಟ್ರು ತಮ್ಮದೆಂದುಕೊಂಡು ಮುಚ್ಚಿಟ್ಟರು, ಉಳಿದವರು ಮೇಷ್ಟ್ರದೆಂದುಕೊಂಡು ಮುಚ್ಚಿಟ್ಟರು. ಯಂತ್ರ ಕೆಟ್ಟಿದ್ದಾಗ ಈ ಗುಟ್ಟಿನ ಸಹಾಯದಿಂದ ಒಂದಿಷ್ಟು ಕಾಲುಗಳು ಹೇಗೋ ಸರಿಹೋಗುತ್ತಿದ್ದವು. ಯಂತ್ರ ಸರಿಹೋದ ಮೇಲೂ ಎಲ್ಲರೂ ಸಹಾಯ ಮಾಡುತ್ತಲೇ ಇದ್ದರು.

ಸ್ಟೋರಕ್ಕ ಎಲ್ಲರನ್ನೂ ಕನ್ನಡಿಯ ಕೋಣೆಯಲ್ಲಿ ಸೇರಿಸಿದಳು. ಅಕ್ಷರದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು, ತಾನು ಖುಷಿಪಟ್ಟು ಸುಮ್ಮನಿದ್ದದ್ದನ್ನೂ ಬಿಡಲಿಲ್ಲ. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

"ನಿಮ್ಮ ಕೈಗೆ ಏನೂ ಆಗಿಲ್ಲ ಮೇಷ್ಟ್ರೇ. ನಿಮ್ಮ ಅಚ್ಚು ಒಂದು ದಿನವೂ ತಪ್ಪಿರಲಿಲ್ಲ. ದಪ್ಪ ಮಾಡ್ತಿದ್ದದ್ದು ನನ್ನ ಕಂಪ್ಯೂಟರು."

ಮೇಷ್ಟ್ರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. ಉಜ್ಜುವಣ್ಣ ನೆಲ ನೋಡುತ್ತಿದ್ದ. "ಅಂದ್ರೆ ನೀವೆಲ್ಲ ನನ್ನ ಕೈ ಹೋಯ್ತು ಅಂದ್ಕೊಂಡಿದ್ರಾ?" ಎಂದರು ಮೇಷ್ಟ್ರು.

"ನೀವೂ ಅಂದ್ಕೊಂಡಿದ್ರಲ್ಲ ಮೇಷ್ಟ್ರೇ" ಎಂದಳು ಜೋಡಿಸುವಕ್ಕ.

ಅದಕ್ಕೆ ಅವರು ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಕಣ್ಣಿಗೆ ಪ್ಲಾಸ್ಟರ್ ಪುಡಿ ಬಿತ್ತು ಎಂದರು.

ಅಂಚೆಯಕ್ಕನಿಗೆ ಹೇಳಿ ಕಳಿಸಿದರು. ಅವಳು ಬರುವುದಿಲ್ಲ ಎಂದಳು. ಸ್ಟೋರಕ್ಕನೇ ಅವಳ ಮನೆಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಬಾಗಿಲಾಚೆಯಿಂದ ಎಲ್ಲ ಹೇಳಿದಳು. ಒಳಗಿನಿಂದ, "ಅಂದ್ರೆ ನೀವು ನಾಲ್ಕು ಜನ ಸೇರಿ ನನ್ನೊಬ್ಬಳ ಕಾಲು ಹಿಂಡಿದ್ರಿ" ಎಂಬ ಮಾತು ಬಂತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

ನಾಲ್ಕನೆಯ ಬಟ್ಟಲು ಮಾಡಿದ ದಿನ ಯಾರೂ ಯಾರಿಗೂ ಸಹಾಯ ಮಾಡಕೂಡದು ಎಂದು ತೀರ್ಮಾನವಾಗಿತ್ತು. ಎಷ್ಟು ಕಷ್ಟ ಅದು! ಮೇಷ್ಟ್ರು ಬಟ್ಟೆ ಸುತ್ತಿ ಮುಗಿಸಿದರೂ ಕೈ ಎಳೆಯಲು ಹೋಗುತ್ತಿತ್ತು. "ಮೇಷ್ಟ್ರೇ!" ಎಂದಳು ಸ್ಟೋರಕ್ಕ. ಅವರು ಕೈಯನ್ನು ಹಿಂದಕ್ಕೆ ತಂದು ಬೆನ್ನಿನ ಮೇಲೆ ಕಟ್ಟಿಕೊಂಡರು. ಉಜ್ಜುವಣ್ಣ ನಯವಾಗುವಷ್ಟು ಉಜ್ಜಿ ಕಾಗದವನ್ನು ಅವಳ ಕೈಗೇ ಕೊಟ್ಟುಬಿಟ್ಟ, "ಇದನ್ನ ಇಟ್ಕೊ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ" ಎಂದು. ಜೋಡಿಸುವಕ್ಕ ತೆಳು ಕಾಲುಚೀಲ ತೆಗೆದಳು. ಅಂಚೆಯಕ್ಕ ಕಂಬಿಗಳ ನಡುವೆ ಹೋಗಿ ಬಂದಳು, ಇನ್ನೊಮ್ಮೆ ಹೋಗಿ ಬಂದಳು. "ಇವತ್ತು ಪರವಾಗಿಲ್ಲ. ನಿಜ ಗೊತ್ತಾಗೋದು ಬೀದೀಲಿ" ಎಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು, ಆದರೂ ಯಾರಿಗೂ ಧೈರ್ಯ ಬರಲಿಲ್ಲ.

ಸೋಮವಾರ ಬಂತು. ಅಂಚೆಯಕ್ಕ ಹೆಗಲಿಗೆ ತುಂಬಿದ ಚೀಲ ಹಾಕಿಕೊಂಡು ಹೊರಟಳು. ಹಿಂದೆ ಪೋಸ್ಟ್ ಮಾಸ್ಟರು, ಹೊಟ್ಟೆ ಸ್ವಲ್ಪ ಮುಂದೆ ಬಂದ, ಒಳ್ಳೆಯ ಮನುಷ್ಯ. ಅವರ ಹಿಂದೆ ಸ್ಟೋರಕ್ಕ ಮತ್ತು ಜೋಡಿಸುವಕ್ಕ, ಕೈಚೀಲದಲ್ಲಿ ದಪ್ಪ ತೆಳು ಎಲ್ಲ ಕಾಲುಚೀಲ, ಸ್ಪ್ಯಾನರು. ನಾನು ಬರುವುದಿಲ್ಲ, ನನ್ನಿಂದ ನೋಡಲಾಗುವುದಿಲ್ಲ ಎಂದಿದ್ದ ಮೇಷ್ಟ್ರು ಮೊದಲ ತಿರುವಿನಲ್ಲೇ ಕಾಯುತ್ತಾ ನಿಂತಿದ್ದರು.

ಪೇಟೆಯ ಹಿಂದಿನ ಬೀದಿಗಳೆಂದರೆ ಸುಮ್ಮನೆ ಅಲ್ಲ. ಕಿತ್ತುಬಂದ ಕಲ್ಲು, ಏರು, ಚರಂಡಿಯ ಮೇಲಿನ ಹಲಗೆ. ಮೊದಲ ಬೀದಿಯಲ್ಲಿ ಸ್ಟೋರಕ್ಕನ ಕಣ್ಣು ಆ ಎಡಗಾಲನ್ನು ಬಿಟ್ಟು ಕದಲಲಿಲ್ಲ. ಮೇಷ್ಟ್ರು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಹಣ್ಣಿನ ಅಂಗಡಿ ಬಂತು. ಅಂಚೆಯಕ್ಕನ ಹೆಜ್ಜೆ ಅಲ್ಲಿ ಒಂದು ಗಳಿಗೆ ತಡೆಯಿತು. ಅಂಗಡಿಯವನು ಎದ್ದು ನಿಂತ. ಅವಳು ಅವನ ಕಾಗದವನ್ನು ಹಣ್ಣಿನ ಮೇಲಿಟ್ಟು ದಾಟಿದಳು.

ಎರಡನೆಯ ಬೀದಿಗೆ ಪೋಸ್ಟ್ ಮಾಸ್ಟರು ಕರ್ಚೀಫು ತೆಗೆದರು. ಮೂರನೆಯದರಲ್ಲಿ ಏದುಸಿರು ಬಿಡುತ್ತಾ ಒಂದು ಮನೆಯ ಜಗಲಿಯ ಮೇಲೆ ಕೂತೇಬಿಟ್ಟರು. "ಸಾಕಮ್ಮಾ, ನಾನು ನೋಡಿದ್ದು ಸಾಕು" ಎಂದು ಕೂಗಿದರು. "ನಾಳೆಯಿಂದ ಬೀದಿ ನಿನ್ನದೇ. ಈಗ ವಾಪಸ್ಸು ಹೋಗೋಣ!"

ಅಂಚೆಯಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಏರಿನ ತುದಿಯ ಮನೆಯ ಮುಂದೆ ನಿಂತು, ಹೊಸದಾಗಿ ಹಾಕಿಸಿದ ಅಂಚೆ ಡಬ್ಬಿ ತೀರಾ ಎತ್ತರದಲ್ಲಿದೆ ಎಂದು ಮನೆಯವನ ಜೊತೆ ಜಗಳಕ್ಕೆ ನಿಂತಿದ್ದಳು. "ನಾನೇನು ಏಣಿ ಹೊತ್ಕೊಂಡು ಬರ್ಲಾ? ನಾನಿಲ್ಲದಾಗ ಏನೇನೋ ಮಾಡಿಕೊಂಡಿದೀರಲ್ರೀ!" ಎಂದು ತುದಿಗಾಲಿನ ಮೇಲೆ ನಿಂತು, ಕಾಗದವನ್ನು ತುರುಕಿ, ಇಳಿದು, ಮತ್ತೆ ಬೈದು, ಮುಂದಿನ ಮನೆಗೆ ಹೊರಟಳು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎರಡೂ ಕೈಗಳನ್ನು ಬಾಯಿಯ ಪಕ್ಕಕ್ಕೆ ತಂದು ಕೂಗಿದರು. "ತಾಯೀ! ಕಾಲು ಹೇಗಿದೆ?"

ಅಂಚೆಯಕ್ಕ ತಿರುಗಿದಳು. ಇನ್ನೂ ಜಗಳದ ಬಿಸಿಯಲ್ಲೇ ಇದ್ದಳು, ಮುಖದಲ್ಲಿ ನಿಜವಾದ ಗೊಂದಲವಿತ್ತು.

"ಯಾವ ಕಾಲು?" ಎಂದಳು.